ಹೆಲ್ಮೆಟ್ಟಿನ ಒಳಗಿನವಳು

ಬಾಯಮ್ಮನ ಬಲಗೈ ಹೆಬ್ಬೆರಳಿನ ಉಗುರು ಬಾಳೆನಾರಿನ ಕರೆ ಹಿಡಿದು ಯಾವಾಗಲೂ ಕಪ್ಪಾಗಿರುತ್ತಿತ್ತು. ಬೆಳಗಾಗುವ ಮೊದಲೇ ಮಲ್ಲಿಗೆ ಕೊಯ್ದು, ಜಗಲಿಯಲ್ಲಿ ಕೂತು ಕಟ್ಟಿ, ಹೂವಿನವನ ಕೈಗೆ ಕೊಟ್ಟು ಮುಗಿಸಿದರೆ ಮಧ್ಯಾಹ್ನ ಅದೇ ಹೆಬ್ಬೆರಳು ವಿಡಿಯೋ ಗೇಮಿನ ಗುಂಡಿಯ ಮೇಲೆ ಇರುತ್ತಿತ್ತು.

ಕಾಪುವಿನಿಂದ ಶಂಕರಪುರದ ಕಡೆಗೆ ಹೋಗುವ ದಾರಿಯಲ್ಲಿ ನಮ್ಮ ಮನೆಗೆ ಒತ್ತಿಕೊಂಡೇ ಅವರ ಮನೆ. ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಹೆಂಗಸರನ್ನು ನಮ್ಮ ಕಡೆ ಕರೆಯುವ ಹಾಗೆ ನಾವೆಲ್ಲ ಅವರನ್ನು ಬಾಯಮ್ಮ ಎಂದೇ ಕರೆಯುತ್ತಿದ್ದೆವು. ಗಂಡ ಬಹರೈನಿನಲ್ಲಿ. ಮನೆ ಕಟ್ಟುವಾಗ ಬಿಸಿಲಲ್ಲಿ ಮೇಸ್ತ್ರಿಯ ಹಿಂದೆ ನಿಂತು ಕೆಲಸ ಮಾಡಿಸಿದವರು ಬಾಯಮ್ಮ. ಗೇಟಿನ ಕಲ್ಲಿನಲ್ಲಿ ಕೆತ್ತಿದ್ದು ಗಂಡನ ಹೆಸರು. ಆಗ ಅದು ನನಗೆ ವಿಚಿತ್ರ ಎನಿಸಿರಲಿಲ್ಲ, ಎಲ್ಲರ ಗೇಟೂ ಹಾಗೆಯೇ ಇತ್ತು.

ಎಂಬತ್ತರ ದಶಕದ ನಡುವೆ ಒಂದು ರಜೆಯಲ್ಲಿ ಆ ಗಂಡ ಕಲರ್ ಟಿವಿಯ ಜೊತೆ ವಿಡಿಯೋ ಗೇಮನ್ನೂ ತಂದರು. ಮಕ್ಕಳಿಲ್ಲದ ಮನೆಗೆ ಯಾರಿಗೆಂದು ತಂದರೋ. ರಜೆ ಮುಗಿಸಿ ಅವರು ಹೋದ ಮೇಲೆ ಬಾಯಮ್ಮ ಕಲಿತರು, ಆಮೇಲೆ ನನಗೆ ಕಲಿಸಿದರು. ಹೆಲ್ಮೆಟ್ ಹಾಕಿದ ಒಂದು ಪುಟ್ಟ ಗೊಂಬೆ ಹೊಂಡ ಹಾರಿ, ಬೆಂಕಿ ದಾಟಿ, ಕೊನೆಗೆ ಒಂದು ಕಬ್ಬಿಣದ ಬಾಗಿಲು ಮುಟ್ಟಬೇಕು. ಗೊಂಬೆಯ ಬೆನ್ನಿನ ಮೇಲೆ ಕಂದು ಬಣ್ಣದ ನಾಲ್ಕು ಚುಕ್ಕೆಗಳು ಅಲ್ಲಾಡುತ್ತಿದ್ದವು.

"ಅದು ಎಂತ, ಬಾಯಮ್ಮ?" ಎಂದು ಕೇಳಿದ್ದೆ.

"ಜಡೆ. ಕಾಣುವುದಿಲ್ವಾ? ಅವಳು ನಿನ್ನ ಹಾಗೆಯೇ, ಎಣ್ಣೆ ಹಾಕಿ ಬಿಗಿಯಾಗಿ ಕಟ್ಟಿದ್ದಾಳೆ."

ನನಗೆ ಆಗ ಹದಿಮೂರು. ಶಾಲೆಯಲ್ಲಿ ಆಟದ ಪೀರಿಯಡ್ ಬಂದರೆ ಹುಡುಗರಿಗೆ ವಾಲಿಬಾಲ್, ನಮಗೆ ಅಂಗಳದ ಹುಲ್ಲು ಕೀಳುವ ಕೆಲಸ. ಮನೆಯಲ್ಲಿ ಸೈಕಲ್ ಅಣ್ಣನದು. ಹಾಗಿರುವಾಗ ಬೆಂಕಿಯ ಮೇಲೆ ಹಾರುವವಳು ಜಡೆಯವಳು ಎಂದರೆ ನಾನು ನಂಬದೆ ಇರುತ್ತೇನೆಯೇ? ಅಣ್ಣ ಆಡಲು ಬಂದು "ಅದು ಗಂಡಸು ಮಾರಾಯ್ತಿ" ಎಂದಾಗ ನಾನು ಅವನೊಂದಿಗೆ ಜಗಳವನ್ನೇ ತೆಗೆದೆ. ಒಂದು ದಿನ ಹೆಲ್ಮೆಟ್ ತೆಗೆಯುತ್ತಾಳೆ, ಆಗ ನೋಡು ಎಂದು ಅವನಿಗೂ, ಶಾಲೆಯ ಬಸ್ಸಿನಲ್ಲಿದ್ದ ಎಲ್ಲರಿಗೂ ಸಾರಿದ್ದೆ.

ಬಾಯಮ್ಮನಿಗೆ ಒಂದು ಅಭ್ಯಾಸವಿತ್ತು. ಗೊಂಬೆ ಕಬ್ಬಿಣದ ಬಾಗಿಲು ಮುಟ್ಟಿದ ಕೂಡಲೇ ಎದ್ದು ಸ್ವಿಚ್ ಆರಿಸುತ್ತಿದ್ದರು. "ಸಾಕು, ಟಿವಿ ಬಿಸಿ ಆಯ್ತು" ಎನ್ನುತ್ತಿದ್ದರು. ಗಲ್ಫಿನ ಟಿವಿಯ ಮೇಲೆ ಅಷ್ಟು ಜೋಪಾನ ಎಂದು ನಾನು ತಿಳಿದಿದ್ದೆ. ಹೊರಡುವಾಗ ಕಟ್ಟಿ ಉಳಿದ ಮಲ್ಲಿಗೆಯ ಒಂದು ತುಂಡು ನನ್ನ ಜಡೆಗೆ ಸಿಕ್ಕಿಸುತ್ತಿದ್ದರು.

ಆ ವರ್ಷದ ಬೇಸಿಗೆ ರಜೆಯಲ್ಲಿ ಬಾಯಮ್ಮ ಬೆಳ್ಮಣ್ ದಾರಿಯಾಗಿ ಹೋಗುವ ಬಸ್ಸಿನಲ್ಲಿ ಕಾರ್ಕಳದ ತವರಿಗೆ ಹೋದರು. ಮಲ್ಲಿಗೆ ಗಿಡಗಳಿಗೆ ನೀರು ಹಾಕಲೆಂದು ಕೀಲಿಕೈ ನಮ್ಮ ಅಮ್ಮನ ಹತ್ತಿರ ಇತ್ತು. ನಾನು ನೀರು ಹಾಕಿ ಟಿವಿ ಹಚ್ಚಿದೆ. ಸಾಕ್ಷಿಗೆ ಇರಲಿ ಎಂದು ಅಣ್ಣನನ್ನೂ ಕರೆದುಕೊಂಡಿದ್ದೆ. ಗೊಂಬೆ ಹೊಂಡ ದಾಟಿತು, ಬೆಂಕಿ ದಾಟಿತು, ಬಾಗಿಲು ಬಂತು. ಸ್ವಿಚ್ ಆರಿಸಲು ಯಾರೂ ಇರಲಿಲ್ಲ.

ಪರದೆಯ ತುಂಬ ಒಂದು ದೊಡ್ಡ ಚಿತ್ರ ಮೂಡಿತು. ಹೆಲ್ಮೆಟ್ ತೆಗೆದವನಿಗೆ ದಪ್ಪ ಮೀಸೆ. ಬಾಗಿಲಿನ ಒಳಗಿನಿಂದ ಗುಲಾಬಿ ಫ್ರಾಕಿನ ಒಬ್ಬಳು ಓಡಿಬಂದು ಅವನ ಪಕ್ಕ ನಿಂತಳು. ನಾನು ಜಡೆ ಎಂದುಕೊಂಡದ್ದು ಅವನ ಮಫ್ಲರ್. ಅದನ್ನು ಬಿಚ್ಚಿ ಅವಳ ಹೆಗಲಿಗೆ ಹೊದಿಸಿದ.

"ಎಲ್ಲಿ ನಿನ್ನ ಜಡೆ?" ಎಂದು ಅಣ್ಣ ಬಿದ್ದು ಬಿದ್ದು ನಕ್ಕ.

ಬಾಯಮ್ಮ ವಾಪಸು ಬಂದ ಮರುದಿನ ಬೆಳಿಗ್ಗೆಯೇ ಹೋಗಿ ಕೇಳಿದೆ. ಅವರು ಹೂ ಕಟ್ಟುತ್ತಾ ತಲೆ ಎತ್ತಲಿಲ್ಲ.

"ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು. ಮೊದಲು ನಾನೂ ಹೆಂಗಸು ಅಂತಲೇ ತಿಳಿದದ್ದು. ಆ ಚಿತ್ರ ನೋಡಿದ ಮೇಲೆ ಸುಮಾರು ದಿನ ಅದನ್ನು ಮುಟ್ಟಲೇ ಇಲ್ಲ. ನಿನಗೆ ಹಾಗೆ ಆಗುವುದು ಬೇಡ ಅಂತ."

"ಅಂದರೆ ನನಗೆ ಹೇಳಿದ್ದು ಸುಳ್ಳು."

"ಸುಳ್ಳೇ ಮಾರಾಯ್ತಿ."

ಆ ಮೀಸೆಯವನು ಯಾವ ದೇಶದವನೋ, ಅವನ ಮೇಲೆ ಸಿಟ್ಟು ಮಾಡಿ ಏನು ಪ್ರಯೋಜನ? ಬಾಯಮ್ಮ ನನ್ನವರಾಗಿದ್ದರು. ಅವರು ಸ್ವಿಚ್ಚಿಗೆ ಕೈ ಚಾಚುತ್ತಿದ್ದ ಒಂದೊಂದು ಮಧ್ಯಾಹ್ನವೂ ನೆನಪಾಗಿ ಮೈ ಉರಿಯಿತು. ಶಾಲೆ ಶುರುವಾದಾಗ ಅಣ್ಣನ ಬಾಯಿಂದ ಕೇಳಿ ಬಸ್ಸಿನಲ್ಲಿ ಹುಡುಗರು ನನ್ನನ್ನು ಮೀಸೆ ಎಂದು ಕರೆಯತೊಡಗಿದರು. ನಾನು ಆ ಮನೆಗೆ ಹೋಗುವುದನ್ನು ನಿಲ್ಲಿಸಿದೆ. ಅವರು ಬೇಲಿಯ ಮೇಲಿನಿಂದ ಅಮ್ಮನ ಕೈಗೆ ಕೊಟ್ಟ ಮಲ್ಲಿಗೆಯನ್ನೂ ಮುಡಿಯಲಿಲ್ಲ.

ದಶಕ ಮುಗಿಯುವ ಹೊತ್ತಿಗೆ ನಾನು ಉಡುಪಿಯಲ್ಲಿ ಕಾಲೇಜಿಗೆ ಹೋಗುತ್ತಿದ್ದೆ. ಬಾಯಮ್ಮ ಮಣಿಪಾಲದ ಆಸ್ಪತ್ರೆಯಲ್ಲಿ ಮಲಗಿ, ಇನ್ನು ಮಾಡುವಂಥದ್ದು ಏನೂ ಇಲ್ಲ ಎಂದು ಡಾಕ್ಟರು ಹೇಳಿದ ಮೇಲೆ ಮನೆಗೆ ಬಂದಿದ್ದರು. ನನ್ನನ್ನು ನೋಡಬೇಕೆಂದು ಹೇಳಿ ಕಳಿಸಿದರು. ಹೋದೆ. ಮಂಚ ಟಿವಿಯ ಎದುರಿಗೇ ಇತ್ತು. ಹೂ ಕಟ್ಟುವುದು ನಿಂತು ಹೆಬ್ಬೆರಳಿನ ಉಗುರು ಬಿಳಿಯಾಗಿತ್ತು.

"ನನಗೆ ಈಗ ಒತ್ತಲಿಕ್ಕೆ ಆಗುವುದಿಲ್ಲ. ನೀನು ಒಮ್ಮೆ ಆಡು, ನಾನು ನೋಡ್ತೇನೆ" ಎಂದರು.

ಆಡಿದೆ. ಕೈ ಏನನ್ನೂ ಮರೆತಿರಲಿಲ್ಲ. ಬಾಗಿಲು ಮುಟ್ಟಿದ ಕೂಡಲೇ, ನನಗೇ ಗೊತ್ತಿಲ್ಲದೆ, ಎದ್ದು ಸ್ವಿಚ್ಚಿಗೆ ಕೈ ಚಾಚಿದ್ದೆ.

"ಬೇಡ, ಬಿಡು. ಇವತ್ತು ನೋಡುವ" ಎಂದರು ಬಾಯಮ್ಮ.

ಇಬ್ಬರೂ ನೋಡಿದೆವು. ಮೀಸೆ ಬಂತು, ಗುಲಾಬಿ ಫ್ರಾಕು ಬಂತು, ಮಫ್ಲರ್ ಹೊದಿಸಿಯೂ ಆಯಿತು. ಬಾಯಮ್ಮ ತುಂಬ ಹೊತ್ತು ಅದನ್ನೇ ನೋಡುತ್ತಾ ಮಲಗಿದ್ದರು.

"ಇಷ್ಟು ದೂರ ಬಂದದ್ದು ನಾವು, ಅಲ್ವಾ?" ಎಂದರು. "ಫೋಟೋಕ್ಕೆ ನಿಂತದ್ದು ಅವನು."

ಮಳೆಗಾಲಕ್ಕೆ ಮೊದಲೇ ತೀರಿಕೊಂಡರು. ಸುಳ್ಳು ಹೇಳಿದ್ದಕ್ಕೆ ಅವರನ್ನು ಪೂರ್ತಿ ಕ್ಷಮಿಸಿದ್ದೇನೆ ಎಂದರೆ ಅದೂ ಸುಳ್ಳಾಗುತ್ತದೆ. ಆದರೆ ಬೆಂಕಿಯ ಮೇಲೆ ಹಾರಿದವಳು ನಾನೇ ಎಂದು ನಂಬಿಸಿದವರು ಅವರೊಬ್ಬರೇ. ಮಲ್ಲಿಗೆ ತೋಟ ಈಗ ಇಲ್ಲ, ಮನೆ ಉಂಟು. ಗೇಟಿನ ಕಲ್ಲಿನಲ್ಲಿ ಇವತ್ತಿಗೂ ಆ ಒಂದೇ ಹೆಸರು. ಅದರ ಮುಂದೆ ಹಾದುಹೋಗುವಾಗ ನನಗೆ ಈಗಲೂ ಸಿಟ್ಟು ಬರುತ್ತದೆ.