ನಾನು ಮೆತ್ತಗೆ ಮಾಡಿದ ಒಂದು ಅರ್ಜಿ

ಮೊನ್ನೆ ಹಿತ್ತಲ ಕೊಟ್ಟಿಗೆಯ ಮಾಡಿನಿಂದ ಹಳೆಯ ಹಂಚೊಂದು ಜಾರಿ ಬಿತ್ತು. ಚೂರುಗಳನ್ನು ಆರಿಸಲು ಬಗ್ಗಿದಾಗ, ಮಳೆನೀರು ಕುಡಿದ ಸುಟ್ಟ ಮಣ್ಣಿನ ವಾಸನೆ ಬಂತು. ನಿಮಗೆ ಅದು ಹಿತವಾಗಿರಬಹುದು. ನನಗೆ ಮಾತ್ರ ಇಷ್ಟು ವರ್ಷಗಳ ಮೇಲೂ ಒಂದು ಹಂಚಿನ ಕಾರ್ಖಾನೆಯ ನೆನಪಾಗುತ್ತದೆ.

ಅರವತ್ತರ ದಶಕದ ಮೊದಲ ವರ್ಷಗಳು. ಬನ್ನಂಜೆಯಲ್ಲಿ ಅರ್ಜಿ ಬರೆದುಕೊಡುವ ಒಂದು ಅಂಗಡಿಯಲ್ಲಿ ನಾನು ಕೆಲಸಕ್ಕಿದ್ದೆ. ಅಕ್ಷರ ದುಂಡಗಿದೆ ಎನ್ನುವುದೊಂದೇ ನನ್ನ ಅರ್ಹತೆ. ಧೈರ್ಯದ ವಿಷಯ ಕೇಳಬೇಡಿ. ಅಂಗಡಿಯ ಧಣಿಗಳು ಕೆಮ್ಮಿದರೂ ನಾನು ಎದ್ದು ನಿಲ್ಲುತ್ತಿದ್ದೆ.

ಒಂದು ಶನಿವಾರ ಕಾಪುವಿನ ಕಡೆಯಿಂದ ಲೂಸಿ ಟೀಚರ್ ಬಂದರು. ಅವರ ಶಾಲೆಯ ಜಲಜ ಎಂಬ ಹತ್ತು ವರ್ಷದ ಹುಡುಗಿ ಹಂಚಿನ ಕಾರ್ಖಾನೆಗೆ ಸೇರಿದ್ದಳು. ಅಪ್ಪ ಕ್ಷಯದಿಂದ ಮಲಗಿದ್ದರು, ತಾಯಿ ಮೀನಿನ ಬುಟ್ಟಿ ಹೊತ್ತು ಊರೂರು ತಿರುಗುತ್ತಿದ್ದರು. ಜಲಜಳಿಗೆ ಅಚ್ಚಿನ ಯಂತ್ರದಿಂದ ಹಸಿ ಹಂಚು ತೆಗೆಯುವ ಕೆಲಸ. ಅವಳಂಥ ಇನ್ನೂ ಏಳೆಂಟು ಮಕ್ಕಳು ಅಲ್ಲಿದ್ದರು.

"ಮಕ್ಕಳನ್ನು ದುಡಿಸಬಾರದು ಅಂತ ಕಾನೂನು ಉಂಟು. ಅದನ್ನು ಕೂಡಲೇ ಜಾರಿ ಮಾಡಬೇಕು, ಆ ಮನೆಗಳಿಗೆ ಸರಕಾರ ಏನಾದರೂ ಸಹಾಯ ಕೊಡಬೇಕು ಅಂತ ಬರಿ" ಎಂದರು ಟೀಚರ್.

ಬರೆಯತೊಡಗಿದೆ. ಆದರೆ ಆ ಕಾರ್ಖಾನೆಯವರ ಕಾಗದಪತ್ರಗಳೆಲ್ಲ ನಮ್ಮ ಅಂಗಡಿಯಲ್ಲೇ ತಯಾರಾಗುತ್ತಿದ್ದವು. ಅವರಿಗೆ ಗೊತ್ತಾದರೆ? ಧಣಿಗಳು ನನ್ನನ್ನು ಬಿಡಿಸಿದರೆ? ಪೆನ್ನು ತಾನಾಗಿಯೇ ಮೆತ್ತಗಾಯಿತು. ಕಾರ್ಖಾನೆಯ ಹೆಸರು "ಕೆಲವು ಕಡೆಗಳಲ್ಲಿ" ಎಂದಾಯಿತು. "ಕೂಡಲೇ" ಇದ್ದಲ್ಲಿ "ತಮಗೆ ಅನುಕೂಲವಾದಾಗ" ಬಂದು ಕೂತಿತು. ಟೀಚರಿಗೆ ಬಸ್ಸಿನ ಅವಸರ. ನನ್ನನ್ನು ನಂಬಿ, ಓದದೆ ಸಹಿ ಹಾಕಿದರು.

ಮಂಗಳೂರಿನ ಕಚೇರಿಯಿಂದ ಉತ್ತರ ಬಂತು, ಅದೂ ಮೆತ್ತಗೆ: ಅವಕಾಶವಾದಾಗ ಪರಿಶೀಲಿಸಲಾಗುವುದು.

ಅದೇ ವಾರ ಜಲಜಳ ಬಲಗೈಯ ಎರಡು ಬೆರಳು ಯಂತ್ರಕ್ಕೆ ಸಿಕ್ಕಿ ಹೋದವು.

ಟೀಚರ್ ಆ ಸುದ್ದಿಯನ್ನು ಬಾಗಿಲಲ್ಲಿ ನಿಂತೇ ಹೇಳಿದರು. ಅರ್ಜಿಯನ್ನು ಮೆತ್ತಗೆ ಮಾಡಿದ್ದನ್ನು ಹೇಳದಿರಲು ಮನಸ್ಸು ನೂರು ದಾರಿ ಹುಡುಕಿತು. ಕೊನೆಗೆ ಹೇಗೋ ಹೇಳಿಬಿಟ್ಟೆ. ಅವರು ಬೈಯಲಿಲ್ಲ.

"ಹೆದರಿದೆ ಅಲ್ವಾ? ನಾನೂ ಹೆದರಿದವಳೇ. ಒಬ್ಬಳೇ ಬರೆಯಲು ಧೈರ್ಯ ಸಾಲದೆ ನಿನ್ನ ಕೈಯಲ್ಲಿ ಬರೆಸಿದ್ದು. ಸೋಮವಾರ ನನ್ನೊಟ್ಟಿಗೆ ಮಂಗಳೂರಿಗೆ ಬಾ."

ಧಣಿಗಳಿಗೆ ಹೊಟ್ಟೆನೋವೆಂದು ಹೇಳಿ ಹೋದೆ. ಬಸ್ಸಿನಲ್ಲಿ ಕೂತ ಮೇಲೆ ಅದು ನಿಜವೇ ಆಯಿತು. ಕಾರ್ಖಾನೆಗಳನ್ನು ನೋಡಬೇಕಾದ ಅಧಿಕಾರಿ ದಣಿದ ಮುಖದ ಸಾಧು ಮನುಷ್ಯ.

"ಕಾನೂನು ಉಂಟು ಟೀಚರೇ, ಇಲ್ಲ ಅಂತ ಯಾರು ಹೇಳಿದ್ದು? ಆದರೆ ಇಡೀ ಜಿಲ್ಲೆಗೆ ನಾನೊಬ್ಬ. ಜೀಪಿಲ್ಲ. ತಿರುಗಾಟದ ಖರ್ಚು ಮಂಜೂರಾಗಿಲ್ಲ. ನಾನು ಎಂತ ಮಾಡಲಿ?"

"ಈಗ ಹೇಳಿದಿರಲ್ಲ, ಅದನ್ನೇ ಬರೆದು ಕೊಡಿ. ಸರಕಾರಕ್ಕೆ ಕಳಿಸುತ್ತೇವೆ."

ಅಧಿಕಾರಿಗೂ ನೌಕರಿ, ಮಕ್ಕಳು ಇದ್ದರು. ಟೀಚರ್ ಕದಲಲಿಲ್ಲ. ಕೊನೆಗೆ ಅಧಿಕಾರಿ ಕಾಗದ ಎಳೆದುಕೊಂಡು ನಾಲ್ಕು ಸಾಲು ಬರೆದರು. ಆ ನಾಲ್ಕು ಸಾಲಿನ ಜೊತೆ ಸರಕಾರಕ್ಕೆ ಕಳಿಸಲು ಹೊಸ ಅರ್ಜಿಯನ್ನು ನಾನು ಅಲ್ಲೇ ಜಗಲಿಯಲ್ಲಿ ಕೂತು ಬರೆದೆ. ಕಾರ್ಖಾನೆಯ ಹೆಸರು ಹಾಕುವಾಗ ನನ್ನ ದುಂಡು ಅಕ್ಷರ ಕಾಗೆಕಾಲಾಯಿತು.

ಮಳೆಗಾಲ ಮುಗಿದ ಮೇಲೆ ಬಾಡಿಗೆ ಕಾರಿನಲ್ಲಿ ತಪಾಸಣೆ ಬಂತು. ಮಕ್ಕಳನ್ನೆಲ್ಲ ಮನೆಗೆ ಕಳಿಸಿದರು. ನನ್ನ ಕೆಲಸ ಹೋಯಿತು. ಕಾರ್ಕಳದ ಒಂದು ಜವಳಿ ಅಂಗಡಿಯಲ್ಲಿ ಇನ್ನೊಂದು ಸಿಕ್ಕಿತು. ಜಲಜ ಶಾಲೆಗೆ ಮರಳಿ ಎಡಗೈಯಲ್ಲಿ ಬರೆಯಲು ಕಲಿತಳು. ಆದರೆ ಮನೆಗಳಿಗೆ ಕೇಳಿದ್ದ ಸಹಾಯ ಬರಲೇ ಇಲ್ಲ. ಅಕ್ಕಿಯಿಲ್ಲದ ಮನೆಯ ಮೂರು ಮಕ್ಕಳು ದೀಪಾವಳಿಗೆ ಮುಂಚೆ ಮತ್ತೆ ಕೆಲಸಕ್ಕೆ ಹೋದರು, ಈ ಸಲ ಹೆಸರಿಲ್ಲದ ಇನ್ನೆಲ್ಲಿಗೋ. ಅವರನ್ನು ಹುಡುಕುತ್ತಾ ಟೀಚರ್ ಎಷ್ಟು ಊರು ಅಲೆದರೋ.

ಬರುವ ವಾರ ನಮ್ಮಲ್ಲಿ ಗ್ರಾಮಸಭೆ. ಮಕ್ಕಳ ರಕ್ಷಣೆಗೆ ಈ ವರ್ಷ ಎಷ್ಟು ಹಣ ಇಟ್ಟಿದ್ದೀರಿ, ನೋಡಲು ಯಾರು ಬರುತ್ತಾರೆ, ಯಾವ ದಿನ ಬರುತ್ತಾರೆ ಎಂದು ಕೇಳಬೇಕೆಂದಿದ್ದೇನೆ. "ಈ ವಯಸ್ಸಿನಲ್ಲಿ ನಿಮಗೆ ಎಂತಕ್ಕೆ?" ಎನ್ನುತ್ತಾಳೆ ಹೆಂಡತಿ. ಸುಳ್ಳು ಹೇಳುವುದಿಲ್ಲ, ಹೆದರಿಕೆ ಉಂಟು. ಪ್ರಶ್ನೆಗಳನ್ನು ಇವತ್ತೇ ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದೇನೆ. ಎರಡನೆಯ ಸಾಲಿನಲ್ಲಿ ಕೂರುತ್ತೇನೆ. ಮೊದಲನೆಯದರಲ್ಲಿ ಕೂರುವಷ್ಟು ಧೈರ್ಯ ಇನ್ನೂ ಬಂದಿಲ್ಲ.