ಅಕ್ಕನ ಕೆಮ್ಮು

ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ಶಿಗ್ಗಾಂವಿಯ ಆ ಟ್ರಾನ್ಸ್‌ಪೋರ್ಟ್ ಗೋದಾಮಿನ ಗಡಿಯಾರ ಈಗಲೂ ಕಣ್ಣ ಮುಂದಿದೆ. ನಿನ್ನೆ ಪಕ್ಕದ ಮನೆಯಲ್ಲಿ ಒಣಮೆಣಸಿನಕಾಯಿ ಹುರಿದರು. ಘಾಟು ಒಳಗೆ ಬಂದದ್ದೇ ತಡ, ನಾನು ಉಸಿರು ಬಿಗಿಹಿಡಿದು ನಿಂತುಬಿಟ್ಟೆ… ಕಿವಿಗೊಟ್ಟು.

ಆ ಮನೆಯಲ್ಲಿ ಮೊದಲು ಅಕ್ಕ ಇದ್ದಳು; ಒಡಹುಟ್ಟಿದವಳಲ್ಲ, ನಾನು ಹಾಗೆ ಕರೆಯುತ್ತಿದ್ದೆ. ಖಡಕ್ ರೊಟ್ಟಿ ಬಡಿದು ಮಾರುತ್ತಿದ್ದಳು. ನಾನು ಬಿ.ಕಾಂ. ಮುಗಿಸಿ ಅವಳ ವ್ಯಾಪಾರಕ್ಕೆ ಕೂಡಿಕೊಂಡೆ. ಊರೂರಿನ ಖಾನಾವಳಿಗಳಿಂದ ಆರ್ಡರ್ ಹಿಡಿಯುವುದು ನನ್ನ ಕೆಲಸ. ರೊಟ್ಟಿ ಕಳಿಸುವುದು ಹೇಗೆ ಎಂಬುದೇ ನಮ್ಮಿಬ್ಬರ ನಿತ್ಯದ ಜಗಳ.

"ಕೊರಿಯರ್‌ನ್ಯಾಗ ಹಾಕೂಣಕ್ಕ. ಲಗೂನ ಬಾಗಲಕ್ಕ ಮುಟ್ಟಸ್ತಾರ," ಎನ್ನುತ್ತಿದ್ದೆ ನಾನು.

"ಮುಟ್ಟಸ್ತಾರ. ರೊಟ್ಟಿ ಅಲ್ಲ, ಹಿಟ್ಟು!"

ಅವಳ ಮಾತು ಸುಳ್ಳಲ್ಲ. ಕೊರಿಯರ್‌ನವರು ಪೆಟ್ಟಿಗೆಯನ್ನು ಒಂದು ವ್ಯಾನಿನಿಂದ ಇನ್ನೊಂದಕ್ಕೆ ಎಸೆಯುತ್ತಿದ್ದರು. ಲಾರಿಯಲ್ಲಾದರೆ ಇಲ್ಲಿ ಒಮ್ಮೆ ಏರಿಸಿ ಅಲ್ಲಿ ಒಮ್ಮೆ ಇಳಿಸಿದರೆ ಮುಗಿಯಿತು. ಪೆಟ್ಟಿಗೆ ಹೆಚ್ಚಿದ್ದಾಗ ಬಾಡಿಗೆಯೂ ಕಡಿಮೆ. ಆದರೆ ಹಾನಗಲ್ಲು, ಹಿರೇಕೆರೂರು ಕಡೆಯ ಸಾಮಾನು ಬಂದು ತುಂಬುವ ತನಕ ಲಾರಿ ಹೊರಡುತ್ತಿರಲಿಲ್ಲ. ಕೊನೆಗೆ ರಾಜಿಯಾದೆವು: ಒಂದೆರಡು ಪೆಟ್ಟಿಗೆಯಾದರೆ ಕೊರಿಯರ್, ಹೆಚ್ಚಾದರೆ ಲಾರಿ.

ಆ ಸಲ ದಾವಣಗೆರೆಯ ಮದುವೆಮನೆಯೊಂದಕ್ಕೆ ದೊಡ್ಡ ಆರ್ಡರ್. ಮದುವೆ ಹತ್ತಿರ ಬಂದರೂ ಲಾರಿ ಹೊರಟಿರಲಿಲ್ಲ. ನೋಡಲು ಗೋದಾಮಿಗೆ ಹೋದೆವು. ನಮ್ಮ ಪೆಟ್ಟಿಗೆಗಳು ಒಂದರ ಮೇಲೊಂದು ಒಟ್ಟಿದ ಮೆಣಸಿನಕಾಯಿ ಚೀಲಗಳ ನಿಟ್ಟಿನ ಹಿಂದೆ, ಗೋಡೆಗೆ ಒತ್ತಿ ಕೂತಿದ್ದವು. "ನೋಡ್ರಿ ಅಣ್ಣಾರ, ನಮ್ಮ ರೊಟ್ಟಿಗೆ ಇನ್ನ ಪಲ್ಯಾ ಬ್ಯಾಡ, ಆಗಲೇ ಖಾರ ಹತ್ತೇತಿ!" ಎಂದು ಹಮಾಲರನ್ನು ನಗಿಸುತ್ತ ಅಕ್ಕ ಸಂದಿಯೊಳಗೆ ತೂರಿ ಒಂದು ಪೆಟ್ಟಿಗೆ ಜಗ್ಗಿದಳು.

ನಿಟ್ಟು ವಾಲಿತು. ಎದುರಿನ ಗಡಿಯಾರದಲ್ಲಿ ಹತ್ತು ನಲವತ್ತು. ನಾನು ಕೂಗಿದೆನೋ ಇಲ್ಲವೋ… ಕೆಂಪು ಧೂಳಿನಲ್ಲಿ ಅಕ್ಕ ಕಾಣಲಿಲ್ಲ. ಓಡಿಬಂದವರೆಲ್ಲ ಕೆಮ್ಮತೊಡಗಿದರು. ಅವಳು ಎಲ್ಲಿ ಸಿಕ್ಕಿದ್ದಾಳೋ ಗೊತ್ತಿಲ್ಲ. ತಪ್ಪು ಚೀಲ ಎಳೆದರೆ ಮಿಕ್ಕವೂ ಅವಳ ಮೇಲೆಯೇ.

"ಯಾರೂ ಕೆಮ್ಮಬ್ಯಾಡ್ರಿ! ಉಸರು ಹಿಡೀರಿ!" ಹಮಾಲನೊಬ್ಬ ಒದರಿದ.

ಬಾಯಿಗೆ ಬಟ್ಟೆ ತುರುಕಿಕೊಂಡು ನಿಂತೆವು. ಎಲ್ಲರ ಕಣ್ಣಲ್ಲೂ ನೀರು. ಗೋದಾಮಿನಲ್ಲಿ ಒಂದು ಸದ್ದಿಲ್ಲ. ಆಗ ಗೋಡೆಯ ಮೂಲೆಯಿಂದ, ಕೆಳಗಿನಿಂದ, ಸಣ್ಣದೊಂದು ಕೆಮ್ಮು.

ಪೆಟ್ಟಿಗೆಗಳು ಚೀಲವನ್ನು ತಡೆದು ಅವಳ ತಲೆಯ ಸುತ್ತ ಒಂದಿಷ್ಟು ಜಾಗ ಉಳಿಸಿದ್ದವು. ಹೊರಗೆ ತೆಗೆದಾಗ ಮುಖವೆಲ್ಲ ಕೆಂಪು, ಒಂದು ತೋಳು ಮುರಿದಿತ್ತು. "ರೊಟ್ಟಿ ಮುರದಾವೇನ, ನೋಡ ತಂಗಿ," ಎಂದಳು.

ತೋಳು ಕೂಡಿತು. ನಿದ್ದೆ ಕಳೆದುಕೊಂಡದ್ದು ನಾನು. ಕಣ್ಣು ಮುಚ್ಚಿದರೆ ನಿಟ್ಟು ವಾಲುತ್ತಿತ್ತು. ಅದು ತಿಳಿದು ಅಕ್ಕ ಕೌದಿ ಹೊತ್ತು ನಮ್ಮ ಮನೆಗೇ ಮಲಗಲು ಬಂದಳು. ನಾನು ಬೆಚ್ಚಿ ಎದ್ದಾಗಲೆಲ್ಲ ಬೇಕೆಂದೇ ಒಮ್ಮೆ ಕೆಮ್ಮುತ್ತಿದ್ದಳು. "ಇಲ್ಲೇ ಅದೇನಿ. ಮಕ್ಕೋ."

ಹೋದ ವರ್ಷ ಜ್ವರ ಬಂದದ್ದೇ ನೆಪವಾಗಿ ಅಕ್ಕ ತೀರಿಕೊಂಡಳು. ಮತ್ತೆ ನಿದ್ದೆಯಿಲ್ಲದ ರಾತ್ರಿಗಳು; ಬೆಚ್ಚಿ ಎದ್ದು ಆ ಕೆಮ್ಮಿಗೆ ಕಾಯುತ್ತಿದ್ದೆ…

ನಿನ್ನೆ ಆ ಘಾಟಿಗೆ ಗೋಡೆಯಾಚೆ ಯಾರೋ ಕೆಮ್ಮಿದರು. ಬಿಗಿಹಿಡಿದ ಉಸಿರನ್ನು ಬಿಟ್ಟೆ. ರಾತ್ರಿ ಮಲಗಿದವಳಿಗೆ ಎಚ್ಚರವಾದದ್ದು ಬಿಸಿಲು ಮುಖಕ್ಕೆ ಬಿದ್ದಾಗಲೇ. ಎದ್ದು, ಚಹಾಕ್ಕೆ ನೀರಿಟ್ಟ ಮೇಲೆ ಹೊಳೆಯಿತು: ರಾತ್ರಿಯಿಡೀ ನಾನು ಅಕ್ಕನ ಕೆಮ್ಮಿಗೆ ಕಾದಿರಲಿಲ್ಲ. ಒಲೆ ಆರಿಸಿ ಅಲ್ಲೇ ಕೂತು ಅತ್ತೆ.