ಒಂಬತ್ತು ಹ್ಯಾಮ್, ಒಂದೇ ಚೌಕಳಿ

ಬೇಕರಿಯಮ್ಮನಿಗೆ ಓರೆಕೋರೆ ಕಂಡರಾಗದು. ಗೋಡೆಯ ಕ್ಯಾಲೆಂಡರ್ ಒಂದು ಬೆರಳಷ್ಟು ವಾಲಿರಲಿ, ಗಿರಾಕಿಯ ಅಂಗಿ ಕಾಲರ್ ಮಡಚಿಕೊಂಡಿರಲಿ, ಆಕೆಯ ಕೈ ತಾನಾಗಿ ಹೋಗಿ ಸರಿಮಾಡಿಬಿಡುತ್ತದೆ. ಮದುವೆಯ ದಿನ ಫೋಟೋದವನು "ಇಲ್ಲಿ ನೋಡಿ" ಎಂದಾಗ ಎಲ್ಲರೂ ಅಲ್ಲಿ ನೋಡಿದರು. ಈಕೆ ಮಾತ್ರ ಗಂಡನ ಕ್ರಾಪು ಸರಿಮಾಡುತ್ತಿದ್ದಳು. ಆ ಫೋಟೋ ಇವತ್ತಿಗೂ ಅಂಗಡಿಯ ಗೋಡೆಯ ಮೇಲಿದೆ, ನೆಟ್ಟಗೆ.

ಮದುವೆಗೆ ಮುಂಚೆ ಆಕೆ ನೋಟ್‌ಬುಕ್ ಹೊಲಿಯುವ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ದಿನವಿಡೀ ಕಾಗದದ ಅಂಚು ಕತ್ತರಿಸುವುದು, ಗೆರೆ ಸರಿಯಾಗಿದೆಯೇ ಎಂದು ನೋಡುವುದು. ಅಲ್ಲಿಂದ ಸೀದಾ ಬೇಕರಿಗೆ ಸೊಸೆಯಾಗಿ ಬಂದವಳು ಇಲ್ಲಿಯೂ ಗೆರೆ ಬಿಡಲಿಲ್ಲ. ಮೂವತ್ತನಾಲ್ಕು ವರ್ಷದಿಂದ ಆ ಬೇಕರಿಯ ಬನ್ನುಗಳು ತಟ್ಟೆಯಲ್ಲಿ ಪರೇಡಿಗೆ ನಿಂತ ಪೊಲೀಸರ ಹಾಗೆ ಸಾಲಾಗಿ ನಿಂತಿವೆ. ಗಂಡ ಮಾತು ಕಡಿಮೆಯ ಮನುಷ್ಯ. ಭಟ್ಟಿಗೆ ಸೌದೆ ಹಾಕುವುದು, ಉದ್ದ ಹಿಡಿಯ ಮರದ ಹಲಗೆಯಲ್ಲಿ ತಟ್ಟೆಗಳನ್ನು ಒಳಗೆ ತಳ್ಳಿ ಹೊರಗೆಳೆಯುವುದು, ಇಷ್ಟು ಅವನ ಪಾಲಿನ ಕೆಲಸ. ಉಳಿದಿದ್ದೆಲ್ಲ, ಅಂದರೆ ಮಾತೂ ಸೇರಿದಂತೆ, ಹೆಂಡತಿಯದು.

ಆ ರಸ್ತೆಯ ಮನೆಗಳು ಚಿಕ್ಕವು. ಒಲೆ ಉಂಟು, ಭಟ್ಟಿ ಇಲ್ಲ. ವರ್ಷದ ಕೊನೆಯ ಹಬ್ಬಕ್ಕೆ ಮಾತ್ರ ಎಲ್ಲರಿಗೂ ಊಟದ ಮೇಜಿನ ನಡುವೆ ಹ್ಯಾಮ್ ಇರಲೇಬೇಕು. ಉಪ್ಪಿನಲ್ಲಿ ಹದ ಮಾಡಿದ ಹಂದಿಯ ತೊಡೆಯನ್ನು ಎರಡು ದಿನ ನೀರಿನಲ್ಲಿ ನೆನೆಹಾಕಿ, ನೀರು ಬದಲಿಸಿ, ಮನೆಯ ಒಲೆಯ ಮೇಲೇ ಬೇಯಿಸಿ, ಚರ್ಮ ಸುಲಿದು ಬೆಳಿಗ್ಗೆ ಬೇಕರಿಗೆ ತರುತ್ತಾರೆ. ಜೊತೆಗೊಂದು ಸೀಸೆಯಲ್ಲಿ ಅವರವರ ಮನೆಯ ಪಾಕ. ಒಬ್ಬರದು ಜೇನು, ಸಾಸಿವೆ. ಇನ್ನೊಬ್ಬರದು ಕಿತ್ತಳೆ ರಸ, ಸಕ್ಕರೆ. ಬ್ರೆಡ್ಡಿನ ಕೆಲಸ ಮುಗಿದ ಭಟ್ಟಿಯ ಬಿಸಿಯಲ್ಲಿ ಹ್ಯಾಮ್‌ಗಳನ್ನಿಟ್ಟು, ಅರ್ಧ ಗಂಟೆಯ ಮೇಲೆ ಮೂರು ಸಲ ಪಾಕ ಸವರಿ, ಕನ್ನಡಿಯಂತೆ ಹೊಳೆಯುವಾಗ ತೆಗೆದುಕೊಡುವುದು ಬೇಕರಿಯಮ್ಮನ ಕೆಲಸ.

ಯಾವುದು ಯಾರದೆಂದು ತಿಳಿಯುವುದು ಹೇಗೆ? ತಟ್ಟೆಗಳೆಲ್ಲ ಬೇಕರಿಯವೇ, ಒಂದೇ ಅಳತೆ. ಚೀಟಿ ಅಂಟಿಸಿದರೆ ಸುಟ್ಟುಹೋಗುತ್ತದೆ. ಮಾಂಸ ಕೊಡುವ ಕಟುಕನೂ ತಟ್ಟೆಗೆ ಹಿಡಿಯುವಂತೆ ಒಂದೇ ತೂಕಕ್ಕೆ ಕಡಿದುಕೊಡುತ್ತಾನೆ. ಹಾಗಾಗಿ ಮಾವನ ಕಾಲದಿಂದ ಒಂದು ರೂಢಿ: ಹ್ಯಾಮ್ ಮೇಲಿನ ಬಿಳಿ ಕೊಬ್ಬಿನಲ್ಲಿ ಪ್ರತಿ ಮನೆಯವರೂ ಚಾಕುವಿನಿಂದ ತಮ್ಮದೇ ಗೀರು ಹಾಕಿ ತರುವುದು. ಟೈಲರ್ ಮನೆಯದು ಹೊಲಿಗೆಯಂತೆ ಜೋಡಿ ಗೆರೆ. ಲಾರಿ ಡ್ರೈವರ್ ಮನೆಯದು ಅಂಕುಡೊಂಕು. ನರ್ಸಮ್ಮನದು ಕೂಡಿಸುವ ಚಿಹ್ನೆ. ಬೇಕರಿಯಮ್ಮನ ಮನೆಯದು, ಕೇಳಬೇಕೇ, ಅಡಿಪಟ್ಟಿ ಇಟ್ಟು ಎಳೆದ ಚೌಕಳಿ.

ಆ ವರ್ಷ ಮೊದಲು ಬಂದವನು ಅಂಚೆಯಣ್ಣ. ನಿವೃತ್ತನಾಗಿ ಆರು ವರ್ಷವಾಗಿದ್ದರೂ ರಸ್ತೆಗೆ ಆತ ಇನ್ನೂ ಅಂಚೆಯಣ್ಣನೇ. ಹೆಂಡತಿ ತೀರಿಕೊಂಡು ಏಳು ತಿಂಗಳಾಗಿತ್ತು. ಸ್ನಾನ ಮಾಡಿಸಿದ ಮಗುವನ್ನು ಎತ್ತಿಕೊಂಡ ಹಾಗೆ ಟವೆಲ್ಲಿನಲ್ಲಿ ಸುತ್ತಿದ ಹ್ಯಾಮನ್ನು ಎದೆಗವಚಿಕೊಂಡು ಬಾಗಿಲಲ್ಲಿ ನಿಂತಿದ್ದ.

"ಏನಣ್ಣ, ನೀವೇ ಮಾಡಿದ್ರಾ?"

"ಹೂಂ ಕಣಮ್ಮ. ನಾದಿನಿಯರಿಬ್ಬರೂ ನಮ್ಮನೆಗೆ ಬಂದ್ಬಿಡಿ ಭಾವ, ನಿಮಗೆಲ್ಲಿ ಆಗುತ್ತೆ ಅಂದ್ರು. ಇಲ್ಲ, ನೀವೇ ಬನ್ನಿ ಅಂದ್ಬಿಟ್ಟೆ." ಟವೆಲ್ಲು ಬಿಚ್ಚುತ್ತ ದನಿ ತಗ್ಗಿಸಿದ. "ಅವಳು ಏನೂ ಬರೆದಿಟ್ಟಿಲ್ಲ. ಅಡುಗೆಮನೆ ಬಾಗಿಲಲ್ಲಿ ಕೂತು ಪೇಪರ್ ಓದ್ತಾ ನೋಡಿದ್ದಷ್ಟೇ ಜ್ಞಾಪಕ. ಅದೇ ಥರ ಮಾಡಿದೀನಿ. ಅವಳ ರುಚಿ ಬಂದ್ರೆ ನಮ್ಮನೇಲಿ ಹಬ್ಬ ಉಳೀತು. ಬರದಿದ್ರೆ ಮುಂದಿನ ವರ್ಷದಿಂದ ಅವರ ಮನೆಗೇ ಹೋಗಿ ತಿಂದು ಬರೋದು, ಅಷ್ಟೇ."

"ಬರುತ್ತಣ್ಣ, ಯಾಕೆ ಬರಲ್ಲ? ನಿಮ್ಮದು ನಿಮ್ಮ ಕೈಗೇ ಬಂಗಾರದ ಹಾಗೆ ಕೊಡ್ತೀನಿ. ಹನ್ನೆರಡಕ್ಕೆ ಬನ್ನಿ," ಎಂದಳು ಬೇಕರಿಯಮ್ಮ.

ಆತ ಹೋದ ಮೇಲೆ ಹ್ಯಾಮ್ ನೋಡಿದಳು. ಅಯ್ಯೋ ಪಾಪ ಅನಿಸಿತು. ಗೀರುಗಳೋ, ಕೋಳಿ ಕೆದಕಿದ ಹಾಗಿದ್ದವು. ಒಂದು ಆಳ, ಒಂದು ಮೇಲುಮೇಲೆ, ಇನ್ನೊಂದು ಎಲ್ಲಿಗೋ ಹೊರಟು ಅರ್ಧಕ್ಕೇ ನಿಂತಿತ್ತು. ನಾದಿನಿಯರು ನೋಡಿ ಮುಸಿಮುಸಿ ನಗುವುದಿಲ್ಲವೇ? ಬೇಕರಿಯಮ್ಮನ ಕೈ ಸುಮ್ಮನಿರಲಿಲ್ಲ. ಹರಿತವಾದ ಚಾಕು ತೆಗೆದುಕೊಂಡು ಕೊಬ್ಬಿನ ಮೇಲ್ಪದರವನ್ನು ತೆಳ್ಳಗೆ ಸವರಿ ತೆಗೆದಳು. ಅಡಿಪಟ್ಟಿ ಇಟ್ಟಳು. ಎರಡು ನಿಮಿಷದಲ್ಲಿ ಅಂಚೆಯಣ್ಣನ ಹ್ಯಾಮ್ ಮೇಲೆ ಅಚ್ಚುಕಟ್ಟಾದ ಚೌಕಳಿ ಮೂಡಿತು.

ಅಲ್ಲಿಗೆ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಒಂಬತ್ತು ಗಂಟೆಯ ಹೊತ್ತಿಗೆ ಒಂಬತ್ತು ಹ್ಯಾಮ್‌ಗಳೂ ಮೇಜಿನ ಮೇಲೆ ಸಾಲಾಗಿ ಕೂತವು. ಚೌಕಳಿಯ ಪಕ್ಕದಲ್ಲಿ ಟೈಲರ್‌ನ ಜೋಡಿ ಗೆರೆ ಸೊಟ್ಟಗೆ ಕಂಡಿತು. ಛೆ, ಬಟ್ಟೆ ಹೊಲಿಯುವವನಿಗೆ ಇಷ್ಟೂ ಬರುವುದಿಲ್ಲವೇ ಎಂದುಕೊಂಡು ಅದನ್ನೂ ಸರಿಮಾಡಿದಳು. ಡ್ರೈವರ್‌ನ ಅಂಕುಡೊಂಕು ಮೊದಲಿಂದಲೂ ಆಕೆಗೆ ಕಣ್ಣಿನ ಮುಳ್ಳು. ಅದೂ ಹೋಯಿತು. ಹಬ್ಬದ ದಿನ, ಭಟ್ಟಿಯ ಬಿಸುಪು, ಚಾಕು ಒಳ್ಳೆಯ ಸಾಣೆ ಹಿಡಿದದ್ದು. ಹಾಡು ಗುನುಗುತ್ತ, ತನಗೇ ಗೊತ್ತಿಲ್ಲದಂತೆ, ಒಂಬತ್ತನ್ನೂ ನೆಟ್ಟಗೆ ಮಾಡಿಬಿಟ್ಟಳು. ಒಂದು ಹೆಜ್ಜೆ ಹಿಂದೆ ಸರಿದು ನೋಡಿದರೆ ಕಣ್ಣು ತುಂಬುವಷ್ಟು ಚೆಂದ. ಒಂದೊಂದಾಗಿ ಗಂಡನ ಕೈಗೆ ಕೊಟ್ಟಳು. ಆತ ಒಳಗೆ ತಳ್ಳಿದ.

ಅರ್ಧ ಗಂಟೆಗೆ ಗಂಡ ವಾಡಿಕೆಯಂತೆ ಭಟ್ಟಿಯ ಹಿಂದಿನವನ್ನು ಮುಂದಕ್ಕೆ, ಮುಂದಿನವನ್ನು ಹಿಂದಕ್ಕೆ ಸರಿಸಿ, ಎಡದವನ್ನು ಬಲಕ್ಕೆ ಹಾಕಿ, ಒಂದೊಂದೇ ಹೊರಗೆಳೆದು ಮೇಜಿನ ಮೇಲಿಟ್ಟ. ಬೇಕರಿಯಮ್ಮ ಟೈಲರ್‌ನ ಪಾಕದ ಸೀಸೆ ತೆರೆದು ಕುಂಚ ಅದ್ದಿದಳು.

"ರೀ, ಟೈಲರ್‌ದು ಯಾವುದು?"

"ಜೋಡಿ ಗೆರೆ ನೋಡು."

ಬೇಕರಿಯಮ್ಮ ನೋಡಿದಳು. ಜೋಡಿ ಗೆರೆ ಎಲ್ಲಿದೆ? ಈ ತುದಿಯಿಂದ ಆ ತುದಿಯವರೆಗೆ ಚೌಕಳಿ, ಚೌಕಳಿ, ಚೌಕಳಿ. ಕುಂಚದಿಂದ ಪಾಕ ತೊಟ್ಟಿಕ್ಕಿ ಆಕೆಯ ಚಪ್ಪಲಿಯ ಮೇಲೆ ಬಿತ್ತು.

ಗಂಡ ಒಂಬತ್ತು ಹ್ಯಾಮ್ ನೋಡಿದ, ಹೆಂಡತಿಯ ಮುಖ ನೋಡಿದ, ಗೋಡೆಯ ಮೇಲಿನ ಮದುವೆಯ ಫೋಟೋ ನೋಡಿದ. "ಅವತ್ತೇ ಗೊತ್ತಾಗಬೇಕಿತ್ತು ನನಗೆ," ಎಂದ. ಆ ವಾರದಲ್ಲಿ ಅವನಾಡಿದ ಅತಿ ಉದ್ದದ ಮಾತು ಅದು.

ಆಕೆಗೆ ನಗು ಬರಲಿಲ್ಲ. ಉಳಿದವರದು ಹೇಗೋ ಆದೀತು, ಬೈದು ಸುಮ್ಮನಾದಾರು. ಅಂಚೆಯಣ್ಣನದು? ಆತ ಹೆಂಡತಿಯ ರುಚಿ ಹುಡುಕಿಕೊಂಡು ಹೊರಟವನು. ಬೇರೆಯವರ ಮನೆಯದನ್ನು ತಿಂದು, ತನಗೆ ಬರಲಿಲ್ಲವೆಂದುಕೊಂಡು, ಆ ಮನೆಯಲ್ಲಿ ಹಬ್ಬವನ್ನೇ ನಿಲ್ಲಿಸಿಬಿಟ್ಟರೆ ಆ ಪಾಪ ಯಾರ ತಲೆಗೆ? ಆಕೆ ಕೈ ಒರೆಸಿಕೊಂಡು ರಸ್ತೆಗಿಳಿದಳು. ತಪ್ಪು ಮುಚ್ಚಿಡುವ ಸ್ವಭಾವ ಆಕೆಯದಲ್ಲ. ಮನೆಮನೆಯ ಬಾಗಿಲು ಬಡಿದು, "ನಾನು ಎಡವಟ್ಟು ಮಾಡ್ಕೊಂಡೆ, ಬಂದು ನಿಮ್ಮದು ನೀವೇ ಗುರುತು ಹಿಡೀರಿ," ಎಂದಳು.

ಹತ್ತು ನಿಮಿಷದಲ್ಲಿ ಬೇಕರಿ ತುಂಬಿತು. ಟೈಲರ್ ಅರ್ಧ ಮುಖಕ್ಕೆ ಕ್ಷೌರದ ಸೋಪು ಹಚ್ಚಿಕೊಂಡೇ ಬಂದಿದ್ದ. ಡ್ರೈವರ್‌ನ ಹೆಂಡತಿ ತಲೆಗೆ ಟವೆಲ್ಲು ಸುತ್ತಿಕೊಂಡಿದ್ದಳು. ಅಂಚೆಯಣ್ಣ ಎಲ್ಲರ ಹಿಂದೆ, ಬಾಗಿಲ ಪಕ್ಕ ನಿಂತ. ಬೇಕರಿಯಮ್ಮ ಒಂದೊಂದು ಹ್ಯಾಮ್‌ನ ತುದಿಯಿಂದಲೂ ತೆಳ್ಳಗೆ ಚೂರುಗಳನ್ನು ಕತ್ತರಿಸಿ ಎದುರಿಗೇ ಇಟ್ಟಳು. ಪಾಕ ಹಚ್ಚಿಲ್ಲದಿದ್ದರೂ ಬೇಯಿಸಿದ ನೀರಿನ ರುಚಿ ಒಳಗಿಳಿದಿರುತ್ತದಲ್ಲ, ಅದೇ ಭರವಸೆ.

"ಇದು ನಂದು! ಲವಂಗ ಹಾಕಿದ್ದೆ," ಎಂದ ಟೈಲರ್.

"ಲವಂಗ ನಿಮ್ಮಪ್ಪನ ಮನೆ ಆಸ್ತೀನಾ? ನಾನೂ ಹಾಕಿದ್ದೆ," ಎಂದಳು ಡ್ರೈವರ್‌ನ ಹೆಂಡತಿ.

"ನೀವು ಶುಂಠೀನೂ ಕೊಂಡಿದ್ರಲ್ಲ ಅಕ್ಕ, ಆ ಕಡೇದು ನೋಡಿ," ಎಂದು ನರ್ಸಮ್ಮ ತೀರ್ಪು ಕೊಟ್ಟಳು. ತನ್ನದನ್ನು ಆಕೆ ಮೊದಲ ತುತ್ತಿಗೇ ಹಿಡಿದಿದ್ದಳು. ಅವಳು ಹ್ಯಾಮನ್ನು ಸೇಬಿನ ರಸದಲ್ಲಿ ಬೇಯಿಸುತ್ತಾಳೆ.

ಜಗಳ ಸ್ವಲ್ಪ ಹೊತ್ತಿಗೆ ತಿನ್ನಾಟವಾಯಿತು. ಇಷ್ಟು ವರ್ಷ ಒಂದೇ ಭಟ್ಟಿಯಲ್ಲಿ ಬೆಂದರೂ ಒಬ್ಬರ ಮನೆಯದನ್ನು ಇನ್ನೊಬ್ಬರು ತಿಂದಿರಲಿಲ್ಲ. ನಿಂದು ಎಷ್ಟು ಮೆತ್ತಗಿದೆ, ಎಷ್ಟು ಹೊತ್ತು ಬೇಯಿಸ್ತೀಯಾ, ಸಕ್ಕರೆ ಯಾವಾಗ ಹಾಕ್ತೀಯಾ ಎಂದು ವಿಚಾರಣೆ ನಡೆಯಿತು. ನಡುವೆ ಟೈಲರ್ ಒಂದು ಚೂರು ಬಾಯಿಗಿಟ್ಟವನು ಕಣ್ಣು ಮುಚ್ಚಿ ಮೂತಿ ಹಿಂಡಿದ.

"ಅಬ್ಬಬ್ಬಾ! ಯಾರದಪ್ಪಾ ಇದು? ಸಮುದ್ರ! ಸಮುದ್ರಾನೇ ಬೇಯಿಸಿ ತಂದಿದಾರೆ!"

ಮೇಜಿನ ಸುತ್ತ ಇದ್ದವರೆಲ್ಲ ಒಂದೊಂದು ಚೂರು ತಿಂದು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಡ್ರೈವರ್‌ನ ಹೆಂಡತಿ ನಲ್ಲಿಗೆ ಓಡಿದಳು. ಬೇಕರಿಯಮ್ಮನೂ ನಗಬೇಕೆಂದವಳು ಮೇಜಿನ ಕಡೆ ನೋಡಿ ಬಾಯಿ ಮುಚ್ಚಿಕೊಂಡಳು. ಏಳು ಮನೆಯವರು ತಮ್ಮದನ್ನು ಹಿಡಿದಾಗಿತ್ತು. ಉಳಿದದ್ದು ಎರಡೇ. ಒಂದು ಈ ಸಮುದ್ರ. ಇನ್ನೊಂದು ಆಕೆಯದೇ. ತನ್ನ ಕೈಯಡುಗೆ ಆಕೆಗೆ ಗೊತ್ತಿಲ್ಲವೇ? ಹಾಗಾದರೆ ಸಮುದ್ರ ಯಾರದೆಂದು ಲೆಕ್ಕ ಹಾಕಲು ಬೆರಳು ಬೇಕಾಗಿರಲಿಲ್ಲ.

ಬಾಗಿಲ ಪಕ್ಕ ಅಂಚೆಯಣ್ಣ ಇನ್ನೂ ಏನೂ ತಿನ್ನದೆ, ತನ್ನ ಸರದಿಗೆ ಕಾಯುತ್ತ ನಿಂತಿದ್ದ. ಇಷ್ಟು ಜನ ನಕ್ಕದ್ದು ತನ್ನ ಅಡುಗೆಗೆ ಎಂದು ತಿಳಿದರೆ ಆತ ಎಲ್ಲಿ ಮುಖ ಇಟ್ಟುಕೊಳ್ಳಬೇಕು? ಬೇಕರಿಯಮ್ಮ ಹಿಂದುಮುಂದು ನೋಡದೆ ತನ್ನ ಮನೆಯ ಹ್ಯಾಮಿನಿಂದ ಒಂದು ಚೂರು ತೆಗೆದು ಆತನ ಕೈಗಿಟ್ಟಳು.

"ಇದು ನಿಮ್ಮದಣ್ಣ. ಏನು ಚೆನ್ನಾಗಿದೆ ಅಂತೀರಾ! ಆ ಉಪ್ಪಿಂದು ನಂದು, ಈ ಸಲ ಕೈ ಜಾರಿತು ನೋಡಿ."

ಗಂಡ ಹುಬ್ಬೇರಿಸಿದ. ಸದ್ಯ, ಬಾಯಿ ಬಿಡಲಿಲ್ಲ.

ಅಂಚೆಯಣ್ಣ ನಿಧಾನವಾಗಿ ಅಗಿದ. ನುಂಗಿದ. "ತುಂಬ ಚೆನ್ನಾಗಿದೆಯಮ್ಮ," ಎಂದ. ಮುಖ ಮಾತ್ರ ಸಣ್ಣದಾಗಿತ್ತು. "ಅವಳ ರುಚಿ ಅಲ್ಲ. ಹೋಗ್ಲಿ ಬಿಡು, ನನಗೆಲ್ಲಿ ಬರುತ್ತೆ."

ಬೇಕರಿಯಮ್ಮ ಸುಳ್ಳು ಹೇಳಿ ಕಾಪಾಡಲು ಹೋಗಿ, ಯಾವುದು ಆಗಬಾರದೆಂದು ರಸ್ತೆಯ ಬಾಗಿಲೆಲ್ಲ ಬಡಿದಳೋ ಅದನ್ನೇ ಮಾಡಿದ್ದಳು. ಅಷ್ಟರಲ್ಲಿ ಆತ ಮೇಜಿನ ಹತ್ತಿರ ಬಂದು, ಸುಮ್ಮನೆ ಮಾತಿಗೆಂಬಂತೆ, "ಇದೇನಾ ನಿನ್ನ ಸಮುದ್ರ?" ಎನ್ನುತ್ತ ಒಂದು ಚೂರು ಬಾಯಿಗೆ ಹಾಕಿಕೊಂಡ.

"ಬೇಡಣ್ಣ, ಅದು..." ಎಂದಳು. ತಡವಾಗಿತ್ತು.

ಅಂಚೆಯಣ್ಣನ ದವಡೆ ನಿಂತಿತು. ಮತ್ತೆ ಅಗಿದ. ಇನ್ನೊಂದು ಚೂರು ತೆಗೆದುಕೊಂಡ. ಕಣ್ಣು ತುಂಬಿ ಬಂದದ್ದನ್ನು ಎಲ್ಲರೂ ನೋಡಿದರು. ಉಪ್ಪಿಗೇ ಇರಬೇಕೆಂದು ಟೈಲರ್ ನೀರಿನ ಲೋಟ ಮುಂದೆ ಹಿಡಿದ.

"ಇದು ನಿಂದಲ್ಲ ಕಣಮ್ಮ," ಎಂದ ಅಂಚೆಯಣ್ಣ. "ಇದು ಅವಳದು. ಮೂವತ್ತೊಂದು ವರ್ಷ ನಾನು ತಿಂದಿದ್ದು ಇದನ್ನೇ."

ಡ್ರೈವರ್‌ನ ಹೆಂಡತಿ ಮೆಲ್ಲಗೆ ಕೇಳಿದಳು. "ಅಣ್ಣ, ಇಷ್ಟು ಉಪ್ಪು..."

"ಬೇಯೋ ನೀರಿಗೆ ಮತ್ತೆ ಒಂದು ಹಿಡಿ ಹಾಕೋಳು. ಕಣ್ಣಾರೆ ನೋಡಿದೀನಿ. ನಾನೂ ಹಾಕಿದೆ."

"ಜಾಸ್ತಿ ಆಯ್ತು ಅಂತ ನೀವು ಒಂದು ದಿನಾನೂ ಹೇಳಲಿಲ್ವಾ?" ಎಂದಳು ಬೇಕರಿಯಮ್ಮ.

"ಮೊದಲನೇ ವರ್ಷ ಹೇಳೋಣ ಅಂದ್ಕೊಂಡೆ. ಬಡಿಸಿಬಿಟ್ಟು ನನ್ನ ಮುಖಾನೇ ನೋಡ್ತಾ ನಿಂತಿದ್ಲು, ಹೊಸ ಮದುವಣಗಿತ್ತಿ. ಬಹಳ ಚೆನ್ನಾಗಿದೆ ಅಂದ್ಬಿಟ್ಟೆ. ಎರಡನೇ ವರ್ಷ ಹೇಳೋಕೆ ಬಾಯಿ ಹೇಗೆ ಬರುತ್ತೆ ಹೇಳು?" ಆತ ಲೋಟದ ನೀರನ್ನು ಗಟಗಟ ಕುಡಿದು ಬಾಯಿ ಒರೆಸಿಕೊಂಡ. "ನಾದಿನಿಯರಿಗೂ ಗೊತ್ತು. ಹಬ್ಬಕ್ಕೆ ಬರುವಾಗ ಇಬ್ಬರೂ ನೀರಿನ ಬಾಟಲಿ ತರ್ತಾರೆ."

ಮೊದಲು ನಕ್ಕವನು ಅಂಚೆಯಣ್ಣನೇ. ಆಮೇಲೆ ಇಡೀ ಬೇಕರಿ ನಕ್ಕಿತು. ಬೇಕರಿಯಮ್ಮ ನಗುತ್ತಲೇ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಆಕೆಗೆ ಅಂಚೆಯಣ್ಣನ ಹೆಂಡತಿಯನ್ನು ಮತ್ತೊಮ್ಮೆ ನೋಡಬೇಕು ಅನಿಸಿತು. ನೋಡಿದರೆ ಉಪ್ಪಿನ ಮಾತು ಮಾತ್ರ ತಾನೂ ಎತ್ತುತ್ತಿರಲಿಲ್ಲ.

ಆತನ ಸೀಸೆಯ ಪಾಕವನ್ನು ಆಕೆ ಮೂರು ಸಲ ಸವರಿದಳು. ಪ್ರತಿ ಸಲವೂ ಭಟ್ಟಿಯ ಬಾಯಲ್ಲೇ ನಿಂತು, ಕಣ್ಣು ತೆಗೆಯದೆ ನೋಡಿಕೊಂಡಳು. ಹನ್ನೆರಡೂವರೆಗೆ ಹ್ಯಾಮ್ ಕೆಂಪಗೆ, ಮಿರಮಿರ ಮಿಂಚುತ್ತ ಹೊರಬಂತು. ಅಂಚೆಯಣ್ಣ ಟವೆಲ್ಲಿನಲ್ಲಿ ತಟ್ಟೆ ಹಿಡಿದುಕೊಂಡು ಮೆಟ್ಟಿಲಿಳಿದ. ನಾಲ್ಕು ಹೆಜ್ಜೆ ಹೋದವನು ತಿರುಗಿ, ರಸ್ತೆಗೆಲ್ಲ ಕೇಳುವ ದನಿಯಲ್ಲಿ ಹೇಳಿದ:

"ಮುಂದಿನ ವರ್ಷಾನೂ ನಂಗೊಂದು ತಟ್ಟೆ ಇಟ್ಟಿರಮ್ಮ."